ನವೆಂಬರ್ ಒಂದು: ಮನೆ ಬದಲಿಸದೆ ರಾಜ್ಯ ಬದಲಾದವರ ಕಥೆ



ಅಕ್ಟೋಬರ್ ತಿಂಗಳು ಮುಗಿಯುತ್ತಾ ಬಂದಂತೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆಲ್ಲ ಒಂದು ಪ್ರಶ್ನೆ ಬರುತ್ತದೆ. "ನವೆಂಬರ್ ಒಂದರಂದು ಏನಾಯಿತು?" ಮಕ್ಕಳು ನೋಟ್‌ಬುಕ್ಕಿನಲ್ಲಿ "ಕರ್ನಾಟಕ ಏಕೀಕರಣವಾಯಿತು" ಎಂದು ಒಂದು ಸಾಲು ಬರೆದು ಆಟಕ್ಕೆ ಓಡುತ್ತಾರೆ. ಉತ್ತರ ಸರಿಯಾಗಿಯೇ ಇದೆ, ಅಂಕವೂ ಸಿಗುತ್ತದೆ. ಆದರೆ ತರಗತಿಯಲ್ಲಿ ನಿಂತು ಪಾಠ ಹೇಳುವವರಿಗೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ. ಮನೆಯಲ್ಲಿ ಬ್ಯಾರಿ, ದಖ್ಖನಿ ಉರ್ದು ಅಥವಾ ನವಾಯತಿ ಮಾತನಾಡುವ ಮಗು ಮೆಲ್ಲಗೆ ಕೇಳುತ್ತದೆ: "ಸರ್, ಇದು ನಮ್ಮ ದಿನವೂ ಹೌದಾ?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮೇಷ್ಟ್ರು ಮಾತ್ರವಲ್ಲ. ಮಗು ಮೊದಲು ನೋಡುವುದು ತಾಯಿಯ ಮುಖವನ್ನು. ತಾಯಿಗೆ ಉತ್ತರ ಗೊತ್ತಿದ್ದರೆ ಮಗು ತಲೆಯೆತ್ತಿ ಶಾಲೆಗೆ ಹೋಗುತ್ತದೆ. ಆದ್ದರಿಂದ ಈ ಸಲ ನವೆಂಬರ್ ಒಂದು ಎಂಬ ಒಂದೇ ದಿನಾಂಕವನ್ನು ತೆಗೆದುಕೊಂಡು, ಬೇರೆ ಬೇರೆ ವರ್ಷಗಳಲ್ಲಿ ಅಂದು ನಮ್ಮ ರಾಜ್ಯದಲ್ಲಿ ಏನೇನಾಯಿತು, ಅದು ನಮ್ಮ ಮನೆಗಳನ್ನು ಹೇಗೆ ಮುಟ್ಟಿತು ಎಂದು ನೋಡೋಣ.

ಶಿರೂರಿನ ಒಬ್ಬ ಅಜ್ಜಿ

ಮೊದಲಿಗೆ ಒಂದು ಲೆಕ್ಕ ಮಾಡಿ. ಕರಾವಳಿಯ ಶಿರೂರಿನಲ್ಲಿ 1950ರಲ್ಲಿ ಹುಟ್ಟಿ, ಆ ಊರನ್ನು ಬಿಟ್ಟು ಎಲ್ಲಿಗೂ ಹೋಗದ ಒಬ್ಬ ಅಜ್ಜಿ ಇದ್ದಾರೆಂದು ಭಾವಿಸಿ. ಅವರು ಹುಟ್ಟಿದ್ದು ಮದ್ರಾಸ್ ರಾಜ್ಯದಲ್ಲಿ. ಆರು ವರ್ಷದವರಿದ್ದಾಗ ಒಂದು ಬೆಳಗ್ಗೆ ಅವರು ಮೈಸೂರು ರಾಜ್ಯದವರಾದರು. 23ನೇ ವಯಸ್ಸಿನಲ್ಲಿ ಕರ್ನಾಟಕದವರಾದರು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದಾಗ ಅವರ ಜಿಲ್ಲೆಯ ಹೆಸರು ಬದಲಾಯಿತು. ಮುಂದೆ ಬೈಂದೂರು ತಾಲ್ಲೂಕು ಆದಾಗ ತಾಲ್ಲೂಕಿನ ಹೆಸರೂ ಬದಲಾಯಿತು. ಅಜ್ಜಿ ನೀರು ಸೇದುತ್ತಿದ್ದ ಬಾವಿ ಮಾತ್ರ ಅದೇ, ಮನೆಯ ಹೊಸ್ತಿಲೂ ಅದೇ.

ಇನ್ನೂ ಒಂದು ವಿಷಯವಿದೆ. ಶಿರೂರಿನಿಂದ ಭಟ್ಕಳ ಕೂಗಳತೆಯ ದೂರ. ಇಂದು ಹುಡುಗಿಯನ್ನು ಅಲ್ಲಿಂದ ಇಲ್ಲಿಗೆ ನಿಕಾಹ್ ಮಾಡಿಕೊಟ್ಟರೆ ಪಕ್ಕದ ಊರಿಗೆ ಕೊಟ್ಟಂತೆ. ಆದರೆ 1956ರ ಅಕ್ಟೋಬರ್ 31ರವರೆಗೆ ಭಟ್ಕಳ ಮುಂಬಯಿ ರಾಜ್ಯದ ಉತ್ತರ ಕನ್ನಡ ಜಿಲ್ಲೆಯಲ್ಲಿತ್ತು, ಶಿರೂರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿತ್ತು. ಮದುಮಗಳು ಮುಂಬಯಿ ರಾಜ್ಯದಿಂದ ಹೊರಟು ಮದ್ರಾಸ್ ರಾಜ್ಯಕ್ಕೆ ಬರುತ್ತಿದ್ದಳು! ಒಬ್ಬರ ಅರ್ಜಿ ಮುಂಬಯಿಗೆ ಹೋಗಬೇಕು, ಇನ್ನೊಬ್ಬರದು ಮದ್ರಾಸಿಗೆ. ಎರಡೂ ಕಡೆ ಬೀದಿಯಲ್ಲಿ ಆಡುವ ಮಾತು ಮಾತ್ರ ಒಂದೇ.

ಐದು ಕಡೆ ಹಂಚಿಹೋಗಿದ್ದ ನಾಡು

ಅಣ್ಣತಮ್ಮಂದಿರು ಬೇರೆಯಾದ ಮನೆಯಲ್ಲಿ ಒಂದೇ ಸೂರಿನಡಿ ಐದು ಒಲೆ ಉರಿಯುವುದುಂಟು. ಕನ್ನಡ ನಾಡು ಆಗ ಹಾಗಿತ್ತು. ಮಹಾರಾಜರ ಹಳೆಯ ಮೈಸೂರು ಒಂದು ಕಡೆ. ಬೆಳಗಾವಿ, ಬಿಜಾಪುರ, ಧಾರವಾಡ ಮತ್ತು ಉತ್ತರ ಕನ್ನಡ ಮುಂಬಯಿಯ ಕೈಯಲ್ಲಿ. ಬೀದರ್, ಗುಲ್ಬರ್ಗಾ, ರಾಯಚೂರು ಹೈದರಾಬಾದಿನ ಕೈಯಲ್ಲಿ. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮದ್ರಾಸಿನಲ್ಲಿ. ಕೊಡಗು ತಾನೇ ಒಂದು ಪುಟ್ಟ ರಾಜ್ಯ.

ಹಂಪಿಯ ಬಳಿ ತುಂಗಭದ್ರೆಯನ್ನು ದಾಟಿ ಆನೆಗೊಂದಿಗೆ ಕಾಲಿಟ್ಟರೆ ನಿಜಾಮರ ಸೀಮೆ ಶುರುವಾಗುತ್ತಿತ್ತು. ಅಲ್ಲಿ ಚಲಾವಣೆಯಲ್ಲಿದ್ದ ಹಣವೇ ಬೇರೆ, ಅದನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದರು. ಕಚೇರಿಯ ಕಾಗದಪತ್ರ ಉರ್ದುವಿನಲ್ಲಿ. ಈ ಕಡೆಯ ದಂಡೆಯಲ್ಲಿ ಮದ್ರಾಸಿನ ಕಾನೂನು. ಹೊಳೆಯ ಎರಡೂ ದಂಡೆಯವರು ಒಂದೇ ಸಂತೆಯಲ್ಲಿ ಜೋಳ ಕೊಂಡರೂ ಆಳುವವರು ಬೇರೆ ಬೇರೆ.

1956ರ ನವೆಂಬರ್ 1ರಂದು ಈ ಐದು ಭಾಗಗಳು ಒಂದಾದವು. 19 ಜಿಲ್ಲೆಗಳ ಹೊಸ ಮೈಸೂರು ರಾಜ್ಯ ಹುಟ್ಟಿತು. ಹಿಂದಿನ ದಿನದವರೆಗೆ ಹಳೆಯ ಮೈಸೂರಿಗೆ ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿ, ಕೊಡಗಿಗೆ ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿ. ಅಂದಿನಿಂದ ಎಲ್ಲರಿಗೂ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ರಾಜ್ಯಪಾಲರಾದರು. ಅದೇ ದಿನ ನೆರೆಯ ಕೇರಳವೂ ಆಂಧ್ರಪ್ರದೇಶವೂ ದೂರದ ಮಧ್ಯಪ್ರದೇಶವೂ ಹೊಸ ರೂಪ ಪಡೆದವು.

ಒಂದೇ ಒಲೆಯಲ್ಲಿ ಅಡುಗೆಯಾಗಲು ಮತ್ತೆ ವರ್ಷಗಳೇ ಬೇಕಾದವು. ಐದು ಆಡಳಿತಗಳ ಶಾಲಾ ಪದ್ಧತಿ, ಜಮೀನಿನ ಕಾನೂನು, ಕಚೇರಿಯ ಭಾಷೆ ಎಲ್ಲವೂ ಬೇರೆ ಬೇರೆಯಾಗಿದ್ದವು. ಇಡೀ ರಾಜ್ಯಕ್ಕೆ ಒಂದೇ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದದ್ದು 1961ರಲ್ಲಿ. ಇಂದು ನಮ್ಮ ಹೆಣ್ಣುಮಕ್ಕಳು ಬೀದರಿನಲ್ಲಾಗಲಿ ಮಡಿಕೇರಿಯಲ್ಲಾಗಲಿ ಒಂದೇ ಪಠ್ಯಪುಸ್ತಕ ಹಿಡಿದು ಶಾಲೆಗೆ ಹೋಗುವುದರ ಬೇರು ಆ ನವೆಂಬರ್ ಒಂದರಲ್ಲಿದೆ.

ಗೆರೆ ಎಳೆದ ನ್ಯಾಯಮೂರ್ತಿ

ಈ ರಾಜ್ಯಗಳ ಗಡಿ ಹೇಗಿರಬೇಕೆಂದು ಸಲಹೆ ನೀಡಲು ಕೇಂದ್ರ ಸರಕಾರ 1953ರ ಡಿಸೆಂಬರ್‌ನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷರು ನ್ಯಾಯಮೂರ್ತಿ ಸೈಯದ್ ಫಝಲ್ ಅಲಿ. ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಸದಸ್ಯರು. ಫಝಲ್ ಅಲಿಯವರು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ದೇಶದ ಮೂಲೆಮೂಲೆಗಳಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಮನವಿಪತ್ರಗಳು ಆಯೋಗಕ್ಕೆ ಬಂದವು. ಆಯೋಗ 9,000ಕ್ಕೂ ಹೆಚ್ಚು ಮಂದಿಯ ಮಾತನ್ನು ನೇರವಾಗಿ ಕೇಳಿ, 1955ರ ಸೆಪ್ಟೆಂಬರ್ 30ರಂದು ವರದಿ ಒಪ್ಪಿಸಿತು.

ಅವರ ಒಂದು ನಡೆಯನ್ನು ಮಕ್ಕಳಿಗೆ ಹೇಳಲೇಬೇಕು. ಅವರಿಗೆ ಬಿಹಾರದೊಂದಿಗೆ ಬಹುಕಾಲದ ಒಡನಾಟವಿತ್ತು. ಆ ಕಾರಣದಿಂದ ಬಂಗಾಳ ಮತ್ತು ಒರಿಸ್ಸಾಗಳ ಜೊತೆ ಬಿಹಾರಕ್ಕಿದ್ದ ಗಡಿ ವಿವಾದಗಳ ತೀರ್ಮಾನದಲ್ಲಿ ಅವರು ಪಾಲ್ಗೊಳ್ಳಲಿಲ್ಲ. ತನ್ನವರ ವಿಷಯ ಬಂದಾಗ ತಕ್ಕಡಿ ವಾಲಬಹುದೆಂಬ ಅನುಮಾನಕ್ಕೂ ಎಡೆಗೊಡದೆ ಪಕ್ಕಕ್ಕೆ ಸರಿಯುವುದು ಸಣ್ಣ ಮಾತಲ್ಲ. ಎಷ್ಟೋ ಪಠ್ಯಗಳಲ್ಲಿ "ಫಝಲ್ ಅಲಿ ಆಯೋಗ" ಎಂಬ ಮೂರು ಪದ ಮಾತ್ರ ಇರುತ್ತದೆ, ಆ ಮನುಷ್ಯನ ನ್ಯಾಯಪ್ರಜ್ಞೆ ಇರುವುದಿಲ್ಲ.

ಬಳ್ಳಾರಿಯ ರಂಜಾನ್ ಸಾಹೇಬರು

ಏಕೀಕರಣಕ್ಕಾಗಿ ದುಡಿದವರೆಂದರೆ ಆಲೂರು ವೆಂಕಟರಾಯರು ನೆನಪಾಗುತ್ತಾರೆ. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ನೆನಪಾಗುತ್ತದೆ. 1953ರಲ್ಲಿ ಅದರಗುಂಚಿಯ ಶಂಕರಗೌಡರು ಕೈಗೊಂಡ ಉಪವಾಸ ನೆನಪಾಗುತ್ತದೆ. ಇವರ ಜೊತೆಗೆ ನಾವು ಮರೆಯಬಾರದ ಇನ್ನೊಂದು ಹೆಸರು ಬಳ್ಳಾರಿಯ ಪೈಲ್ವಾನ್ ರಂಜಾನ್ ಸಾಹೇಬರದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಗುವಾಗ ಮದ್ರಾಸ್ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನು ಹಂಚಲಾಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಸೇರಿ ಉಳಿದವು ಮೈಸೂರಿಗೆ ಬಂದವು. ಆ ಸಂಭ್ರಮಕ್ಕೆ ಹಾಕಿದ ಚಪ್ಪರವನ್ನು ರಾತ್ರಿ ಕಾಯುತ್ತಿದ್ದವರು ಕುಸ್ತಿಪಟು ರಂಜಾನ್ ಸಾಹೇಬರು. ದುಷ್ಕರ್ಮಿಗಳ ಆಸಿಡ್ ದಾಳಿಗೆ ತುತ್ತಾಗಿ ಅವರು ಪ್ರಾಣ ಬಿಟ್ಟರು. ಬೆಳಗಾದ ಮೇಲಿನ ಮೆರವಣಿಗೆ ನೋಡುವ ಭಾಗ್ಯ ಅವರಿಗಿರಲಿಲ್ಲ. ಮರಳಿ 1955ರಲ್ಲಿ ಫಝಲ್ ಅಲಿ ಆಯೋಗವೇ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬಹುದೆಂದಿತು. ಸರಕಾರ ಆ ಮಾತನ್ನು ಒಪ್ಪಲಿಲ್ಲ, ಬಳ್ಳಾರಿ ಇಲ್ಲಿಯೇ ಉಳಿಯಿತು.

"ಇದು ನಮ್ಮ ದಿನವೂ ಹೌದಾ?" ಎಂದು ಕೇಳುವ ಮಗುವಿಗೆ ಮೊದಲು ರಂಜಾನ್ ಸಾಹೇಬರ ಹೆಸರು ಹೇಳಿ.

ಅಂದು ಅಗಲಿದವರು

ಸಹೋದರಿಯರೇ, ಮಗಳನ್ನು ಕಳುಹಿಸಿಕೊಟ್ಟ ಮನೆಯಲ್ಲಿ ಸಂಭ್ರಮದ ಜೊತೆ ಕಣ್ಣೀರೂ ಇರುತ್ತದೆ. 1956ರ ನವೆಂಬರ್ ಒಂದೂ ಹಾಗೆಯೇ. ಅಂದು ಸೇರಿದವರ ಲೆಕ್ಕ ಎಲ್ಲರೂ ಹೇಳುತ್ತಾರೆ. ಅಗಲಿದವರ ಲೆಕ್ಕ ಹೇಳುವವರು ಕಡಿಮೆ.

ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಬಂದಾಗ ಅದರ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಮಂಗಳೂರಿನ ಪೇಟೆ, ಆಸ್ಪತ್ರೆ, ಕಾಲೇಜು, ನೆಂಟಸ್ತಿಕೆ ಎಲ್ಲದಕ್ಕೂ ಒಗ್ಗಿಹೋಗಿದ್ದ ಮನೆಗಳು ಬೇರೆ ರಾಜ್ಯದವಾದವು. ಮುಂದೆ 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಹೇಳಿತು. ಅದು ಜಾರಿಗೆ ಬರಲಿಲ್ಲ.

ಆ ಹೊಳೆಯ ಹೆಸರು ನಮ್ಮ ಓದುಗರಿಗೆ ಹೊಸತಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಓದದವರೂ ಹೆಸರು ಕೇಳಿದ್ದೀರಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಅವರು ಕನ್ನಡ ಶಾಲೆಯಲ್ಲಿ ಓದಿದರು, ಮಂಗಳೂರಿನಲ್ಲಿ ನೆಲೆಸಿದರು, ಕನ್ನಡದಲ್ಲೇ ಬರೆದರು. ಹುಟ್ಟೂರು ಕೇರಳದ ನಕ್ಷೆಗೆ ಸೇರಿದರೂ ಅವರ ಲೇಖನಿ ಕನ್ನಡದ್ದಾಗಿಯೇ ಉಳಿಯಿತು. 1995ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2023ರ ಜನವರಿಯಲ್ಲಿ ಅವರು ನಿಧನರಾದರು. ಅವರ ಬರಹದ ಕೆಲವು ವಿಚಾರಗಳನ್ನು ಒಪ್ಪುವವರೂ ಒಪ್ಪದವರೂ ನಮ್ಮಲ್ಲಿದ್ದಾರೆ. ಆದರೆ ಗಡಿಯ ಗೆರೆ ಭಾಷೆಯ ಗೆರೆಯಲ್ಲ ಎಂಬುದಕ್ಕೆ ಅವರ ಬದುಕಿಗಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಇನ್ನೊಂದು ಅಗಲಿಕೆ ನಡೆದದ್ದು ಸಮುದ್ರದಲ್ಲಿ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನ್‌ದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು ಎಂದರೆ ನಿಮಗೆ ಅಚ್ಚರಿಯಾಗಬಹುದು. ಅಲ್ಲಿನ ನಿವಾಸಿಗಳು ಮುಸ್ಲಿಮರು. 18ನೇ ಶತಮಾನದ ಕೊನೆಯ ಭಾಗದಲ್ಲಿ ಅವರು ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರ ಮೊರೆಹೊಕ್ಕರು. ಹಾಗೆ ದ್ವೀಪಗಳು ಮೈಸೂರಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅವನ್ನು ಮಂಗಳೂರಿನಿಂದಲೇ ಆಳಿದರು. ದ್ವೀಪದವರು ದೋಣಿಗಳಲ್ಲಿ ತೆಂಗಿನ ನಾರಿನ ಹುರಿ ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. ಅವರ ಹೆಂಗಸರು ಹೊಸೆದ ಹುರಿ, ನಮ್ಮ ಹೆಂಗಸರು ನೇಜಿ ನೆಟ್ಟ ಗದ್ದೆಯ ಅಕ್ಕಿ.

1956ರ ನವೆಂಬರ್ 1ರಂದು ಈ ದ್ವೀಪಗಳು ಜಿಲ್ಲೆಯಿಂದ ಬೇರ್ಪಟ್ಟು, ಲಕಾದೀವ್ ಮತ್ತು ಮಿನಿಕಾಯ್ ದ್ವೀಪಗಳೊಂದಿಗೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಕಾಗದದಲ್ಲಿ ಅಗಲಿದರೂ ಕಡಲ ದಾರಿ ಮುಚ್ಚಲಿಲ್ಲ. ಮಂಗಳೂರಿನ ಹಳೆ ಬಂದರಿನ ವ್ಯಾಪಾರಿಗಳಿಗೆ ದ್ವೀಪದ ನಂಟು ಹಾಗೆಯೇ ಉಳಿಯಿತು.

1973: ಹೆಸರಿಟ್ಟ ದಿನ

ಮಗು ಹುಟ್ಟಿ 17 ವರ್ಷದ ಮೇಲೆ ಹೆಸರಿಟ್ಟಂತೆ, ನಮ್ಮ ರಾಜ್ಯಕ್ಕೆ "ಕರ್ನಾಟಕ" ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಬಯಲುಸೀಮೆ, ಕರಾವಳಿ, ಹೈದರಾಬಾದ್ ಕಡೆಯವರಿಗೆಲ್ಲ "ಮೈಸೂರು" ಎಂದರೆ ಬೇರೆಯವರ ಮನೆಯ ಹೆಸರು ಎನಿಸುತ್ತಿತ್ತು. ಹಳೆಯ ಮೈಸೂರಿನವರಿಗೆ ಆ ಹೆಸರನ್ನು ಬಿಡಲು ಸಂಕಟ. ಕೊನೆಗೆ ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಎಲ್ಲರದೂ ಆಗಬಲ್ಲ ಹೆಸರನ್ನು ಆರಿಸಿಕೊಳ್ಳಲಾಯಿತು.

ಅದೇ 1973ರ ನವೆಂಬರ್ 1ರಂದು, ಹಿಂದೆ ನಮ್ಮಿಂದ ಅಗಲಿದ ದ್ವೀಪಗಳಿರುವ ಆ ಕೇಂದ್ರಾಡಳಿತ ಪ್ರದೇಶಕ್ಕೂ "ಲಕ್ಷದ್ವೀಪ" ಎಂದು ಹೆಸರಾಯಿತು. ಅಗಲಿದ್ದೂ ಒಂದೇ ದಿನ, ಹೊಸ ಹೆಸರು ಪಡೆದದ್ದೂ ಒಂದೇ ದಿನ!

ಹೆಸರು ಬದಲಾದ ನಾಲ್ಕು ತಿಂಗಳಲ್ಲಿ, 1974ರ ಮಾರ್ಚ್ 1ರಿಂದ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನಿಗೆ ಹೊಲ ಸಿಕ್ಕಿತು. ಗೇಣಿಗೆ ಗದ್ದೆ ಮಾಡುತ್ತಿದ್ದವರು 7ನೇ ನಂಬರಿನ ಫಾರಂ ತುಂಬಿ ಕೊಟ್ಟರು. ಕರಾವಳಿಯಲ್ಲಿ ಈಗಲೂ ಹಿರಿಯರು "ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗ" ಎನ್ನುವುದು ಅದನ್ನೇ. ಆ ಕಾಗದದ ತಲೆಬರಹದಲ್ಲಿ ಕರ್ನಾಟಕ ಸರಕಾರ ಎಂಬ ಹೊಸ ಹೆಸರು ಕಂಡದ್ದು ಎಷ್ಟೋ ಬಡ ಕುಟುಂಬಗಳಿಗೆ ಮರೆಯಲಾಗದ ನೆನಪು.

ರಾಜ್ಯೋತ್ಸವದ ವೇದಿಕೆಯಲ್ಲಿ ನಿಮ್ಮ ಮಕ್ಕಳು ಹಾಡುವ 'ನಿತ್ಯೋತ್ಸವ' ಬರೆದವರು ಪ್ರೊ. ಕೆ.ಎಸ್. ನಿಸಾರ್ ಅಹಮದ್. ದೇವನಹಳ್ಳಿಯಲ್ಲಿ ಹುಟ್ಟಿ, ಭೂವಿಜ್ಞಾನ ಪಾಠ ಮಾಡುತ್ತಿದ್ದ ಅಧ್ಯಾಪಕರು. 1978ರಲ್ಲಿ ಹೊರಬಂದ ಅದರ ಧ್ವನಿಸುರುಳಿ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಪ್ರತಿ ನವೆಂಬರ್ ಒಂದರಂದು ಊರೂರಿನ ಶಾಲೆಗಳಲ್ಲಿ ಅವರ ಹಾಡು ಕೇಳಿಸುತ್ತದೆ.

2014: ಊರಿಗೆ ತನ್ನದೇ ಹೆಸರು

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಅಧಿಕೃತ ಹೆಸರು ಬದಲಾಯಿತು. ಬ್ಯಾಂಗಲೋರ್ ಬೆಂಗಳೂರಾಯಿತು, ಮ್ಯಾಂಗಲೋರ್ ಮಂಗಳೂರಾಯಿತು, ಬೆಲ್ಗಾಂ ಬೆಳಗಾವಿಯಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹೆಚ್ಚಿನವು ನಾವು ಮಾತಿನಲ್ಲಿ ಹೇಗೂ ಬಳಸುತ್ತಿದ್ದ ಹೆಸರುಗಳೇ. ಆದರೆ ಕಾಗದಪತ್ರ ಇಟ್ಟುಕೊಂಡವರಿಗೆ ಇದೊಂದು ಹೊಸ ಕೆಲಸವಾಯಿತು. ತಂದೆಯ ಶಾಲಾ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಮಗಳ ಪಾಸ್‌ಪೋರ್ಟಿನಲ್ಲಿ ಇನ್ನೊಂದು ಹೆಸರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಕಾಗದದಲ್ಲಿ ಹಳೆಯ ಹೆಸರಿದ್ದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. 1952ರ ಕಾಗದದಲ್ಲಿ "ಮದ್ರಾಸ್ ರಾಜ್ಯ, ಸೌತ್ ಕೆನರಾ" ಎಂದಿದ್ದರೆ ಅದೇ ಸರಿ, ಆಗ ಇದ್ದದ್ದೇ ಹಾಗೆ. 1965ರ ಕಾಗದದಲ್ಲಿ "ಮೈಸೂರು ರಾಜ್ಯ" ಎಂದಿದ್ದರೂ ಸರಿಯೇ. ಬೀದರ್ ಕಡೆಯ ಹಳೆಯ ಜಮೀನು ಕಾಗದ ಉರ್ದುವಿನಲ್ಲಿದ್ದರೆ ಅದೂ ಸರಕಾರಿ ದಾಖಲೆಯೇ. ಮನೆ ಗುಡಿಸಿ ಸಾರಿಸುವ ಭರದಲ್ಲಿ, ಓದಲು ಬರುವುದಿಲ್ಲ ಎಂಬ ಕಾರಣಕ್ಕೆ ಇಂಥವನ್ನು ಬಿಸಾಡಬೇಡಿ. ಯಾವ ವರ್ಷದಲ್ಲಿ ಊರು ಯಾವ ರಾಜ್ಯದಲ್ಲಿತ್ತು ಎಂದು ತಿಳಿದಿದ್ದರೆ, ಕಚೇರಿಯ ಕಿಟಕಿಯ ಮುಂದೆ ನಿಂತು ಗಾಬರಿಯಾಗದೆ ಉತ್ತರ ಹೇಳಬಹುದು. ನಮ್ಮ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ತವರಿನ ಕಾಗದದಲ್ಲಿ ಒಂದು ಊರು, ಗಂಡನ ಮನೆಯ ಕಾಗದದಲ್ಲಿ ಇನ್ನೊಂದು ಊರು ಇರುವುದು ಅವರ ಹೆಸರಿನ ಮುಂದೆಯೇ ಅಲ್ಲವೇ?

ಪದಗಳೂ ನಮ್ಮವೇ

ಅರಬಿ ಕಲಿತವರಿಗೆ ಕನ್ನಡದ ಸರಕಾರಿ ಪತ್ರ ಓದುವಾಗ ಒಂದು ಸಣ್ಣ ಸಂತೋಷ ಸಿಗುತ್ತದೆ. ಜಿಲ್ಲೆ, ತಾಲ್ಲೂಕು, ಅರ್ಜಿ, ದಾಖಲೆ, ರೈತ ಇವೆಲ್ಲ ಅರಬಿ ಮೂಲದಿಂದ ಬಂದು ಕನ್ನಡದ ಮಣ್ಣಿನಲ್ಲಿ ಬೇರುಬಿಟ್ಟ ಪದಗಳು. ಜಮೀನು ಫಾರಸಿಯದು. ಹೊಲದಲ್ಲಿ ನಿಂತ ರೈತನಿಗೆ ಇವು ಹೊರಗಿನ ಪದಗಳೆಂದು ಯಾರಾದರೂ ಹೇಳಿದರೆ ಅವನು ನಗುತ್ತಾನೆ. ಭಾಷೆ ಹಾಗೆಯೇ ಬೆಳೆಯುತ್ತದೆ, ಮನೆಗೆ ಬಂದ ಸೊಸೆ ಕೆಲವು ವರ್ಷಗಳಲ್ಲಿ ಮನೆಯ ಯಜಮಾನಿಯಾಗುವ ಹಾಗೆ.

ಮನೆಯಲ್ಲಿ ಬ್ಯಾರಿಯೋ ಉರ್ದುವೋ ಆಡುವುದರಿಂದ ಕನ್ನಡಕ್ಕೆ ನಷ್ಟವಿಲ್ಲ, ಶಾಲೆಯಲ್ಲಿ ಕನ್ನಡ ಕಲಿಯುವುದರಿಂದ ಮನೆಮಾತಿಗೂ ನಷ್ಟವಿಲ್ಲ. ಬ್ಯಾರಿ ಭಾಷೆಗೆ ಸಾಹಿತ್ಯ ಅಕಾಡೆಮಿಯನ್ನು ಕೊಟ್ಟದ್ದೂ ಇದೇ ಕರ್ನಾಟಕ ಸರಕಾರ.

ಈಗ ನೀವು ಮಾಡಬಹುದಾದ ಕೆಲಸ

1956ರಲ್ಲಿ ಹತ್ತು ವರ್ಷದವರಾಗಿದ್ದ ಹುಡುಗಿಗೆ ಈಗ ಎಂಬತ್ತರ ಆಸುಪಾಸು. ಆ ದಿನವನ್ನು ಕಣ್ಣಾರೆ ಕಂಡವರು ನಮ್ಮ ಮನೆಗಳಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ. ಅವರ ನೆನಪು ಯಾವ ಪುಸ್ತಕದಲ್ಲೂ ಇಲ್ಲ.

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮಗುವಿನ ಕೈಗೆ ಪೆನ್ನು ಕೊಟ್ಟು ಅಜ್ಜಿಯ ಪಕ್ಕ ಕೂರಿಸಿ. ನಾಲ್ಕೈದು ಪ್ರಶ್ನೆ ಸಾಕು. ನೀವು ಹುಟ್ಟಿದ ಊರು ಆಗ ಯಾವ ರಾಜ್ಯದಲ್ಲಿತ್ತು? ಕೋರ್ಟು ಕಚೇರಿಗೆ ಎಲ್ಲಿಗೆ ಹೋಗುತ್ತಿದ್ದಿರಿ? ಶಾಲೆಯಲ್ಲಿ ಯಾವ ಭಾಷೆ ಕಲಿಸುತ್ತಿದ್ದರು? ಗಡಿಯ ಆಚೆ ಉಳಿದುಹೋದ ನೆಂಟರು ಯಾರು? ನಿಮ್ಮ ನಿಕಾಹ್ ಆದಾಗ ದಿಬ್ಬಣ ಯಾವ ಹೊಳೆ ದಾಟಿತು? ಹೇಳಿದ್ದನ್ನು ಹೇಳಿದ ಹಾಗೆಯೇ, ಅವರದೇ ಮಾತಿನಲ್ಲಿ ಬರೆಯಲಿ. ಇಸವಿ ನೆನಪಿಲ್ಲವೆಂದರೆ ಒತ್ತಾಯಿಸಬೇಡಿ. "ದೊಡ್ಡ ನೆರೆ ಬಂದ ವರ್ಷ", "ಅಣ್ಣ ಹುಟ್ಟಿದ ವರ್ಷ" ಎಂದರೂ ಲೆಕ್ಕ ಹಾಕಬಹುದು. ಜೊತೆಗೆ ಸಂದೂಕದಲ್ಲಿರುವ ಹಳೆಯ ಕಾಗದಗಳ ನಕಲು ತೆಗೆದು ಅದೇ ನೋಟ್‌ಬುಕ್ಕಿನೊಂದಿಗೆ ಇಡಿ.

ಮುಂದಿನ ಸಲ ಶಾಲೆಯಲ್ಲಿ "ನವೆಂಬರ್ ಒಂದರಂದು ಏನಾಯಿತು?" ಎಂದು ಕೇಳಿದಾಗ ನಿಮ್ಮ ಮಗು ಒಂದು ಸಾಲಿನ ಉತ್ತರದ ಕೆಳಗೆ ಇನ್ನೊಂದು ಸಾಲು ಬರೆಯಲಿ: "ಅಂದು ನನ್ನ ಅಜ್ಜಿ ಮನೆ ಬಿಟ್ಟು ಕದಲದೆ ಮೈಸೂರು ರಾಜ್ಯದವರಾದರು." ಆ ಎರಡನೆಯ ಸಾಲಿಗೆ ಅಂಕ ಸಿಗುತ್ತದೋ ಇಲ್ಲವೋ ಹೇಳಲಾರೆ. ಆದರೆ ಇದು ನಮ್ಮ ದಿನವೂ ಹೌದಾ ಎಂದು ಆ ಮಗು ಮತ್ತೆ ಯಾರನ್ನೂ ಕೇಳಬೇಕಾಗುವುದಿಲ್ಲ.